ಸೇರಿ ಮಾಡಿದ ಹಾಡು, ನಾಟಕ, ಕಿರುಚಿತ್ರ: ಹಕ್ಕು ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ನಾಟಕ ತಂಡದವರು, ಭಜನಾ ಮಂಡಳಿಯವರು, ಯೂಟ್ಯೂಬ್‌ಗೆ ಹಾಡು ಮಾಡುವ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಕೆಲಸ ನಡೆಯುವಾಗ ಎಲ್ಲರೂ "ನಮ್ಮ ಹಾಡು" ಅಂತಾರೆ. ದುಡ್ಡು ಬರೋಕೆ ಶುರುವಾದ ಮೇಲೆ ಅದು "ನನ್ನ ಹಾಡು" ಆಗುತ್ತದೆ. ಹೊಲಕ್ಕೆ ಇರುವ ಹಾಗೆ ಹಾಡಿಗೆ ಒಂದೇ ಪಹಣಿ ಇರುವುದಿಲ್ಲ. ಒಂದೊಂದು ತುಂಡಿಗೂ ಬೇರೆ ಬೇರೆ ಹೆಸರು ಕೂತಿರುತ್ತದೆ. ಇಷ್ಟು ತಲೆಯಲ್ಲಿ ಇಟ್ಟುಕೊಂಡು ಓದಿ, ಮುಂದಿನ ಉತ್ತರಗಳು ಸುಲಭವಾಗುತ್ತವೆ.

ಇಲ್ಲಿ ಹೇಳಿರುವುದು 1957ರ ಕಾಪಿರೈಟ್ ಕಾಯ್ದೆ ಮತ್ತು ಅದಕ್ಕೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ. ನಿಮ್ಮ ಜಗಳ ಆಗಲೇ ನೋಟಿಸ್ ಹಂತಕ್ಕೆ ಹೋಗಿದ್ದರೆ ಇದನ್ನು ಓದಿ ಸುಮ್ಮನಾಗಬೇಡಿ, ಕಾಗದಗಳನ್ನು ವಕೀಲರಿಗೆ ತೋರಿಸಿ.

ಒಬ್ಬ ಬರೆದ, ಒಬ್ಬ ರಾಗ ಹಾಕಿದ, ಒಬ್ಬಳು ಹಾಡಿದಳು, ಒಬ್ಬ ಸ್ಟುಡಿಯೊ ಖರ್ಚು ಕೊಟ್ಟ. ಹಾಡು ಯಾರದು?

ನಾಲ್ವರದೂ ಹೌದು, ಆದರೆ ಇಡೀ ಹಾಡು ಯಾರೊಬ್ಬರದೂ ಅಲ್ಲ.

ಸಾಹಿತ್ಯದ ಹಕ್ಕು ಬರೆದವನದು. ರಾಗ ಸಂಯೋಜನೆಯ ಹಕ್ಕು ಸಂಯೋಜಿಸಿದವನದು. ಕಾನೂನು ಸಂಗೀತವನ್ನೂ ಪದಗಳನ್ನೂ ಬೇರೆ ಬೇರೆ ಕೃತಿ ಎಂದೇ ನೋಡುತ್ತದೆ. ರೆಕಾರ್ಡ್ ಆದ ಧ್ವನಿಮುದ್ರಿಕೆ, ಅಂದರೆ ನಿಮ್ಮ ಕೈಗೆ ಬರುವ ಆಡಿಯೊ ಫೈಲ್, ಮೂರನೇ ಕೃತಿ. ಅದರ ಕರ್ತೃ ನಿರ್ಮಾಪಕ. ವಿಡಿಯೊ ಮಾಡಿದರೆ ಅದು ನಾಲ್ಕನೆಯದು, ಅಲ್ಲೂ ನಿರ್ಮಾಪಕನೇ ಕರ್ತೃ.

ನಿರ್ಮಾಪಕ ಅಂದರೆ ಸುಮ್ನೆ ದುಡ್ಡು ಕೊಟ್ಟವನು ಅಂತಲ್ಲ. ಆ ಕೆಲಸಕ್ಕೆ ಮುಂದಾಗಿ, ಅದರ ಹೊಣೆ ಹೊತ್ತವನು. ಸಿಂಧನೂರಿನ ಮಾವ ಖುಷಿಗೆ ಒಂದಿಷ್ಟು ಹಣ ಕೊಟ್ಟ, ಸ್ಟುಡಿಯೊ ಹಿಡಿದು, ವಾದ್ಯದವರನ್ನು ಕರೆಸಿ, ಎಲ್ಲ ಓಡಾಡಿದ್ದು ನೀವು ಅಂದ್ರೆ ಮಾವ ನಿರ್ಮಾಪಕ ಎನ್ನುವುದು ಕಷ್ಟ.

ಹಾಡಿದವಳಿಗೆ? ಹಾಡಿನ ಕಾಪಿರೈಟ್ ಅವಳಿಗೆ ಬರುವುದಿಲ್ಲ. ಆದರೆ ಪ್ರದರ್ಶಕರ ಹಕ್ಕು ಎಂಬುದು ಬೇರೆಯೇ ಇದೆ. ಅವಳ ಗಾಯನವನ್ನು ಅವಳ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ, ಹಂಚುವಂತಿಲ್ಲ. ಈ ಹಕ್ಕು 50 ವರ್ಷ ಇರುತ್ತದೆ. ವಿಡಿಯೊದಲ್ಲಿ ಸೇರಿಸಲು ಬರವಣಿಗೆಯಲ್ಲಿ ಒಪ್ಪಿದ ಮೇಲೆ ಅವಳು ನಿರ್ಮಾಪಕನನ್ನು ತಡೆಯುವಂತಿಲ್ಲ. ಆದರೆ ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ, ಅಂದರೆ ಗಳಿಕೆಯಲ್ಲಿ ಪಾಲು, ಕೇಳಬಹುದು. ಹೆಸರು ಹಾಕಿ ಎಂದು ಕೇಳುವ ಹಕ್ಕಂತೂ ಇದ್ದೇ ಇದೆ. ನಮ್ಮ ಕಡೆಯ ಎಷ್ಟೋ ವಿಡಿಯೊಗಳಲ್ಲಿ ಡ್ರೋನ್ ಹಾರಿಸಿದವನ ಹೆಸರು ಇರುತ್ತದೆ, ಹಿಂದೆ ಕೋರಸ್ ಹಾಡಿದ ಹೆಣ್ಣುಮಕ್ಕಳ ಹೆಸರು ಇರುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಜಂಟಿ ಹಕ್ಕು ಅನ್ನೋದು ಇಲ್ವಾ?

ಇದೆ. ಆದರೆ ಜನ ಅಂದುಕೊಂಡಷ್ಟು ಸಲ ಅದು ಹುಟ್ಟುವುದಿಲ್ಲ. ಇಬ್ಬರು ಸೇರಿ ಕೆಲಸ ಮಾಡಿರಬೇಕು, ಮತ್ತು ಯಾರ ಪಾಲು ಯಾವುದು ಎಂದು ಬಿಡಿಸಲು ಬರಬಾರದು. ಸಾಹಿತ್ಯ ಒಬ್ಬ, ರಾಗ ಒಬ್ಬ ಮಾಡಿದರೆ ಬಿಡಿಸಬಹುದು. ಹಾಗಾಗಿ ಅದು ಜಂಟಿ ಕೃತಿ ಅಲ್ಲ. ಇಬ್ಬರು ಗೆಳೆಯರು ಒಂದೇ ಟೇಬಲ್ಲಿಗೆ ಕೂತು, ಒಬ್ಬ ಹೇಳಿದ ಸಾಲನ್ನು ಇನ್ನೊಬ್ಬ ತಿದ್ದಿ, ನಾಟಕದ ಪ್ರತಿ ದೃಶ್ಯವನ್ನೂ ಒಟ್ಟಿಗೆ ಬರೆದರೆ ಅದು ಜಂಟಿ.

1989ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಮೌಲಾನಾ ಆಜಾದರ ಆತ್ಮಕಥನದ ವ್ಯಾಜ್ಯ ಬಂದಿತ್ತು. ಆಜಾದರು ಉರ್ದುವಿನಲ್ಲಿ ಹೇಳುತ್ತಾ ಹೋದರು. ಹುಮಾಯೂನ್ ಕಬೀರ್ ಅದನ್ನು ಇಂಗ್ಲಿಷಿನಲ್ಲಿ ಬರೆದರು. ಆಜಾದರು ಓದಿ ತಿದ್ದಿದರು. ಇಬ್ಬರ ನಡುವೆ ಹೀಗೆ ಕೊಡುಕೊಳ್ಳುವಿಕೆ ಇದ್ದುದರಿಂದ ಮೇಲ್ನೋಟಕ್ಕೆ ಇಬ್ಬರೂ ಕರ್ತೃಗಳು ಎಂದು ಕೋರ್ಟ್ ಕಂಡಿತು. ನಿಮ್ಮೂರಿನ ಹಿರಿಯ ಕಲಾವಿದರ ಜೀವನಕತೆಯನ್ನು ನೀವು ಕೂತು ಕೇಳಿ ಬರೆಯುತ್ತಿದ್ದೀರಾ? ಹಾಗಿದ್ದರೆ ಈ ಪ್ರಕರಣ ನಿಮಗೇ ಹೇಳಿ ಮಾಡಿಸಿದ್ದು. ಪುಸ್ತಕದ ಮೇಲೆ ನಿಮ್ಮ ಹೆಸರೊಂದೇ ಹಾಕಿಕೊಳ್ಳುವ ಮೊದಲು ಅವರ ಜೊತೆ ಮಾತಾಡಿ.

ಜಂಟಿ ಕೃತಿಯಲ್ಲಿ ಒಬ್ಬನೇ ಹೋಗಿ ಇಡೀ ಕೃತಿಯನ್ನು ಆಡಿಯೊ ಕಂಪನಿಗೆ ಕೊಟ್ಟು ಬರುವಂತಿಲ್ಲ, ಉಳಿದವರ ಒಪ್ಪಿಗೆ ಬೇಕು. ಯಾರಿಗೆ ಎಷ್ಟು ಪಾಲು ಎಂಬ ಲೆಕ್ಕವನ್ನು ಕಾಯ್ದೆ ಹಾಕಿಕೊಟ್ಟಿಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು.

ಕತೆಯ ಐಡಿಯಾ ನನ್ನದು ಸರ. ಅವನು ಬರೀ ಬರೆದುಕೊಟ್ಟ. ಹಕ್ಕು ನನ್ನದಲ್ವಾ?

ಅಲ್ಲ. ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. 1978ರಲ್ಲಿ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಆನಂದ್ ನಾಟಕಕಾರರು. ತಮ್ಮ ನಾಟಕವನ್ನು ಕದ್ದು ಸಿನಿಮಾ ಮಾಡಿದ್ದಾರೆ ಎಂದು ದಾವೆ ಹೂಡಿದ್ದರು. ಪ್ರಾಂತ್ಯಾಭಿಮಾನ ಎಂಬ ವಿಷಯ ಎರಡರಲ್ಲೂ ಇದ್ದರೂ ನಡೆಸಿದ ರೀತಿ ಬೇರೆ ಎಂದು ಕೋರ್ಟ್ ಸಿನಿಮಾದವರ ಪರ ತೀರ್ಪು ಕೊಟ್ಟಿತು.

ತುಂಗಭದ್ರಾ ಕಾಲುವೆಯ ನೀರಿಗಾಗಿ ಅಣ್ಣ ತಮ್ಮಂದಿರು ಜಗಳ ಆಡುವ ಕತೆಯನ್ನು ಯಾರು ಬೇಕಾದರೂ ಬರೆಯಬಹುದು. ನೀವು ಬರೆದ ಸಂಭಾಷಣೆ, ದೃಶ್ಯಗಳ ಜೋಡಣೆ, ಪಾತ್ರಗಳನ್ನು ಬೆಳೆಸಿದ ಬಗೆ ನಿಮ್ಮದು. ಚಹಾದ ಅಂಗಡಿಯಲ್ಲಿ ಬಾಯಲ್ಲಿ ಹೇಳಿ ಬಂದದ್ದನ್ನು ಆಮೇಲೆ ಸಾಬೀತು ಮಾಡೋದು ಬಹಳ ಕಷ್ಟ. ಮೊದಲು ಬರೆದಿಡಿ, ಆಮೇಲೆ ಹೇಳಿ.

ದುಡ್ಡು ಹಾಕಿದವರಿಗೆ ಎಲ್ಲಾ ಹಕ್ಕೂ ಹೋಗುತ್ತದೆ ಅಂತಾರಲ್ಲ?

ಒಂದು ಕಾಲಕ್ಕೆ ಹೆಚ್ಚು ಕಡಿಮೆ ಹಾಗೇ ಇತ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಹಾಡಿನ ವಿಷಯದಲ್ಲಿ ನಿರ್ಮಾಪಕರ ಕಡೆ ನಿಂತಿತು. ದುಡ್ಡು ಕೊಟ್ಟು ಸಿನಿಮಾಕ್ಕಾಗಿ ಮಾಡಿಸಿಕೊಂಡ ಹಾಡಿನ ಮೊದಲ ಒಡೆಯ ನಿರ್ಮಾಪಕನೇ ಎಂದಿತು. ಕವಿಗಳು, ಸಂಗೀತಗಾರರು ಆಮೇಲೆ ಮೂರೂವರೆ ದಶಕ ಕಾದರು. 2012ರ ತಿದ್ದುಪಡಿಯಲ್ಲಿ ಎರಡು ವಿಷಯ ಬಂದವು. ಒಂದು, ಸಿನಿಮಾದೊಳಗೆ ಸೇರಿದ ಸಾಹಿತ್ಯ, ಸಂಗೀತದ ಮೇಲೆ ಅದನ್ನು ಮಾಡಿದವರ ಹಕ್ಕು ತಾನಾಗಿಯೇ ಅಳಿಯುವುದಿಲ್ಲ. ಎರಡು, ಚಿತ್ರಮಂದಿರದ ಹೊರಗೆ ಆ ಹಾಡಿನಿಂದ ಬರುವ ಗಳಿಕೆಯಲ್ಲಿ ಸಮಪಾಲು ರಾಯಲ್ಟಿ ಪಡೆಯುವ ಹಕ್ಕನ್ನು ಕವಿಯಾಗಲಿ ಸಂಗೀತಗಾರನಾಗಲಿ ಬರೆದುಕೊಡಲು ಬರುವುದಿಲ್ಲ. ತಮ್ಮ ವಾರಸುದಾರರಿಗೆ ಇಲ್ಲವೇ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಸಿನಿಮಾದ ಭಾಗವಲ್ಲದ ಧ್ವನಿಮುದ್ರಿಕೆಗೂ ಇಂಥದ್ದೇ ರಕ್ಷಣೆ ಇದೆ.

ಇದರ ಅರ್ಥ: "ರಾಯಲ್ಟಿ ಕೇಳುವುದಿಲ್ಲ" ಎಂದು ನಿಮ್ಮಿಂದ ಸಹಿ ಮಾಡಿಸಿಕೊಂಡಿದ್ದರೂ ಆ ಸಾಲಿಗೆ ಬೆಲೆ ಇಲ್ಲ. ಗಂಗಾವತಿಯಲ್ಲಿ ಕೂತು ಹಾಡು ಬರೆಯುವ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ.

ರಾಯಲ್ಟಿ ವಸೂಲಿಗೆ ಸಾಹಿತ್ಯ ಬರೆದವರು, ಸಂಗೀತ ಸಂಯೋಜಿಸಿದವರು ಐಪಿಆರ್‌ಎಸ್ ಎಂಬ ಸೊಸೈಟಿಯ ಸದಸ್ಯರಾಗಬಹುದು. ಒಂದೇ ಹಾಡು ಮಾಡಿ ಬಿಡುವವರಿಗೆ ಅದರ ಗೊಡವೆ ಬೇಡ. ಹಾಡೇ ಹೊಟ್ಟೆಪಾಡು ಆಗಿರುವವರು ವಿಚಾರಿಸಿ ನೋಡಿ.

ಫೋಟೊ ತೆಗೆದವನು ನಾನು. ಆದರೂ ಹಕ್ಕು ನನ್ನದಲ್ಲ ಅಂತಾರೆ?

ದುಡ್ಡು ತೆಗೆದುಕೊಂಡು, ಯಾರೋ ಹೇಳಿದ್ದಕ್ಕೆ ತೆಗೆದ ಫೋಟೊ ಆದರೆ ಮೊದಲ ಒಡೆಯರು ಹೇಳಿ ತೆಗೆಸಿದವರು. ಬೇರೆ ಒಪ್ಪಂದ ಇದ್ದರೆ ಮಾತು ಬೇರೆ. ಆನೆಗೊಂದಿಯ ಬಂಡೆಗಳ ಮೇಲೆ ಪ್ರಿ-ವೆಡ್ಡಿಂಗ್ ಶೂಟ್ ಮಾಡಿದಿರಿ, ಜೋಡಿ ಪೂರ್ತಿ ಹಣ ಕೊಟ್ಟರು. ಆ ಫೋಟೊಗಳನ್ನು ನಿಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಬೇಕೆಂದರೆ ಬುಕಿಂಗ್ ಚೀಟಿಯಲ್ಲೇ ಒಂದು ಸಾಲು ಬರೆಸಿಕೊಳ್ಳಿ. ಗೆಳೆಯನ ಮದುವೆಗೆ ಪುಕ್ಕಟೆ ತೆಗೆದುಕೊಟ್ಟಿದ್ದರೆ ಹಕ್ಕು ನಿಮ್ಮದೇ. ಕಿರುಚಿತ್ರಕ್ಕೆ ದುಡ್ಡು ಕೊಟ್ಟು ಕ್ಯಾಮೆರಾದವನನ್ನು ಕರೆಸಿದಾಗಲೂ ಇದೇ ನಿಯಮ, ಅಲ್ಲಿ ಅವನಿಗೆ ಚಿತ್ರದ ಹಕ್ಕು ಬರುವುದಿಲ್ಲ.

ಸಂಬಳಕ್ಕೆ ಇರುವವರು ಮಾಡಿದ ಕೆಲಸ?

ನೌಕರಿಯ ಭಾಗವಾಗಿ ಮಾಡಿದ್ದರೆ ಮಾಲೀಕರದು. ಆದರೆ ಇದು ಸಂಬಳದ ನೌಕರರಿಗೆ ಮಾತ್ರ. ಒಂದೊಂದು ಕೆಲಸಕ್ಕೆ ಇಷ್ಟು ಎಂದು ಹಣ ಪಡೆಯುವ ಪೋಸ್ಟರ್ ಡಿಸೈನರ್, ಟ್ರ್ಯಾಕ್ ಮಾಡಿಕೊಡುವ ಕೀಬೋರ್ಡ್‌ನವನು ನೌಕರರಲ್ಲ. ಅವರಿಂದ ಹಕ್ಕನ್ನು ಬರೆಸಿಕೊಂಡರೆ ಮಾತ್ರ ನಿಮ್ಮದು. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಪ್ರಿಂಟ್ ಡಿಸೈನ್ ಮಾಡಿಕೊಡುವವರು ಇನ್ನೊಂದು ಗಮನಿಸಬೇಕು. ಬಟ್ಟೆಯಂಥ ವಸ್ತುವಿನ ವಿನ್ಯಾಸವನ್ನು ಡಿಸೈನ್ ಕಾಯ್ದೆಯಲ್ಲಿ ನೋಂದಾಯಿಸದೆ ಯಂತ್ರದಲ್ಲಿ 50ಕ್ಕಿಂತ ಜಾಸ್ತಿ ಪ್ರತಿ ತೆಗೆದರೆ ಅದರ ಕಾಪಿರೈಟ್ ಹೋಗಿಬಿಡುತ್ತದೆ.

ಬಯಲಾಟ, ತತ್ವಪದ, ದಾಸರ ಪದ, ಬುರ್ರಕಥೆ. ಇವಕ್ಕೆ ಯಾರ ಒಪ್ಪಿಗೆ ಬೇಕು?

ಈ ಪ್ರಶ್ನೆ ನಮ್ಮ ಮೂರು ಜಿಲ್ಲೆಗೆ ಬಹಳ ಮುಖ್ಯ. ಆತುರದ ಉತ್ತರ ಕೊಟ್ಟರೆ ತಪ್ಪಾಗುತ್ತದೆ.

ಮೊದಲು ಹಳೆಯದು. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಎಲ್ಲರೂ ರಾಯಚೂರು ಸೀಮೆಯವರೇ. ಅವರ ಪದಗಳಿಗೆ ಇವತ್ತು ಕಾಪಿರೈಟ್ ಇಲ್ಲ. ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಬಹುದು. ಆದರೆ ಅದೇ ಪದಕ್ಕೆ ಒಬ್ಬರು ಹೊಸ ರಾಗ ಹಾಕಿದ್ದರೆ ಆ ಸಂಯೋಜನೆ ಅವರದು. ಒಂದು ಕಂಪನಿ ಅದನ್ನು ರೆಕಾರ್ಡ್ ಮಾಡಿದ್ದರೆ ಆ ಧ್ವನಿಮುದ್ರಿಕೆ ಕಂಪನಿಯದು. "ದಾಸರ ಪದ ತಾನೆ" ಎಂದು ಆಲ್ಬಂನ ಹಾಡನ್ನೇ ನಿಮ್ಮ ವಿಡಿಯೊಗೆ ಹಾಕಿದರೆ ಯೂಟ್ಯೂಬ್‌ನಲ್ಲಿ ಕ್ಲೇಮ್, ಅಂದರೆ ಹಕ್ಕುದಾರರ ತಕರಾರು, ಬರುವುದು ಇದೇ ಕಾರಣಕ್ಕೆ. ಪದ ಸ್ವತಂತ್ರ, ಆ ಮುದ್ರಿಕೆ ಅಲ್ಲ.

ಇನ್ನು ಜಾನಪದ ಎಂಬ ಹಣೆಪಟ್ಟಿ. ಯಾರು ಕಟ್ಟಿದ್ದೆಂದು ಗೊತ್ತಿಲ್ಲದ, ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಬೀಸುವ ಪದಕ್ಕೆ, ಸೋಬಾನೆ ಪದಕ್ಕೆ ಒಡೆಯರಿಲ್ಲ. ಆದರೆ ಜಾನಪದ ಎಂದು ಹಾಡುವ ಎಲ್ಲವೂ ಹಾಗಲ್ಲ. ಎಷ್ಟೋ ದೊಡ್ಡಾಟದ ಪ್ರತಿಗಳನ್ನು ಬರೆದ ಕವಿಯ ಹೆಸರು ಊರವರಿಗೆ ಗೊತ್ತಿರುತ್ತದೆ. ಅವರು ತೀರಿಕೊಂಡು 30, 40 ವರ್ಷ ಆಗಿರುತ್ತದೆ ಅಷ್ಟೆ. ಅಂಥ ಕೃತಿಯ ಹಕ್ಕು ಅವರ ಮಕ್ಕಳು, ಮೊಮ್ಮಕ್ಕಳ ಬಳಿ ಇನ್ನೂ ಜೀವಂತ ಇದೆ. ತತ್ವಪದಕ್ಕೂ ಇದೇ ಮಾತು. ಕೊನೆಯ ಸಾಲಿನಲ್ಲಿ ಅಂಕಿತ ಕಂಡರೆ ಯಾರದೆಂದು ವಿಚಾರಿಸಿ. ಆ ಅಂಕಿತವನ್ನು ಕತ್ತರಿಸಿ ಹಾಡುವುದು ಇನ್ನೂ ಕೆಟ್ಟದ್ದು. ಕರ್ತೃವಿನ ಹೆಸರು ಉಳಿಸಬೇಕು, ಕೃತಿಯನ್ನು ಕೆಡಿಸಬಾರದು ಎಂಬ ನೈತಿಕ ಹಕ್ಕು ಕಾಪಿರೈಟ್ ಬೇರೆಯವರಿಗೆ ಮಾರಿದ ಮೇಲೂ ಕರ್ತೃವಿಗೆ ಇರುತ್ತದೆ.

ಪದಗಳನ್ನು ಊರೂರು ಸುತ್ತಿ ಸಂಗ್ರಹಿಸಿದವರಿಗೆ ಏನು ಹಕ್ಕು? ಅವರ ಮುನ್ನುಡಿ, ಟಿಪ್ಪಣಿ, ಆಯ್ಕೆ ಮಾಡಿ ಜೋಡಿಸಿದ ಕ್ರಮ ಅವರದು. ಪದಗಳೇ ಅವರವಲ್ಲ.

ಬುರ್ರಕಥೆಗೆ ಬಂದರೆ, ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಈರಮ್ಮ ಉದ್ದುದ್ದ ಕಾವ್ಯಗಳನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದವರು. ಅಂಥ ಕಲಾವಿದರ ಕತೆ ಪರಂಪರೆಯದು. ಅದನ್ನು ಅವರು ಒಂದು ರಾತ್ರಿ ಹಾಡಿದ ಆ ಪ್ರದರ್ಶನ ಅವರದು, ಜೊತೆಗೆ ಪಕ್ಕವಾದ್ಯ ಹಿಡಿದು ದನಿಗೂಡಿಸಿದವರದೂ ಹೌದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ವಿದ್ಯಾರ್ಥಿ ಮಹಾಪ್ರಬಂಧಕ್ಕೆ ಬಳಸುವುದು ಒಂದು, ಅದನ್ನೇ ಚಾನೆಲ್‌ಗೆ ಹಾಕಿ ಗಳಿಸುವುದು ಇನ್ನೊಂದು. ಎರಡನೆಯದಕ್ಕೆ ಕಲಾವಿದರ ಒಪ್ಪಿಗೆ ಬೇಕೇ ಬೇಕು.

ತೊಗಲುಗೊಂಬೆ ಆಟವನ್ನು ಚಿತ್ರೀಕರಿಸಿದರೆ?

ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಕ್ಯಾಮೆರಾ ಹಿಡಿದವರಿಗೆ ಈ ಕಲೆಯ ಮೇಲೆ ಪ್ರೀತಿ ಜಾಸ್ತಿಯಾಗಿದೆ. ಒಳ್ಳೆಯದೇ. ರಾಮಾಯಣ, ಮಹಾಭಾರತದ ಕತೆ ಎಲ್ಲರದು. ತಲೆಮಾರುಗಳಷ್ಟು ಹಳೆಯ ಗೊಂಬೆಯ ಚಿತ್ರಕ್ಕೆ ಕಾಪಿರೈಟ್ ಮುಗಿದಿರುತ್ತದೆ, ಗೊಂಬೆ ಮಾತ್ರ ಮನೆತನದ ಆಸ್ತಿ. ಈಚೆಗೆ ಹೊಸದಾಗಿ ಬಿಡಿಸಿದ ಗೊಂಬೆ ಬಿಡಿಸಿದವರ ಕಲಾಕೃತಿ. ಗೊಂಬೆ ಆಡಿಸುವವರು, ಹಿಂದೆ ಹಾಡುವವರು, ಮದ್ದಲೆಯವರು ಎಲ್ಲರೂ ಪ್ರದರ್ಶಕರು. ಮನೆಯ ಯಜಮಾನರ ಒಂದು ಸಹಿ ಸಾಕು ಅಂತ ತಿಳಿಯಬೇಡಿ. ಪರದೆ ಹಿಂದೆ ಕೂತವರನ್ನೂ ಕೇಳಿ, ಅವರ ಹೆಸರನ್ನೂ ಹಾಕಿ.

ಕಿನ್ನಾಳದ ಆಟಿಕೆ, ಸಂಡೂರಿನ ಲಂಬಾಣಿ ಕಸೂತಿಗೆ ಇರುವ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬೇರೆಯದು. ಅದು ಆ ಸೀಮೆಯ ಹೆಸರನ್ನು ಕಾಯುತ್ತದೆ. ಒಬ್ಬ ಕಲಾವಿದ ಹೊಸದಾಗಿ ರಚಿಸಿದ ಒಂದು ಮೂರ್ತಿಯ ಚಿತ್ರ, ಅದರ ನಕಲು ಇವೆಲ್ಲ ಕಾಪಿರೈಟ್‌ನ ಮಾತು.

ಜಾತ್ರೆಗೆ ಊರ ಹುಡುಗರು ಸಾಮಾಜಿಕ ನಾಟಕ ಆಡುತ್ತಾರೆ. ಕವಿಯ ಒಪ್ಪಿಗೆ ಬೇಕಾ?

ಕಾಯ್ದೆಯ 52ನೇ ಕಲಂನಲ್ಲಿ ನಮ್ಮ ಊರುಗಳಿಗೆಂದೇ ಬರೆದಂತಿರುವ ಒಂದು ವಿನಾಯಿತಿ ಇದೆ. ಹವ್ಯಾಸಿ ತಂಡವೊಂದು ಟಿಕೆಟ್ ಇಲ್ಲದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅದು ಹಕ್ಕಿನ ಉಲ್ಲಂಘನೆ ಅಲ್ಲ. ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಮನೆ ಮನೆಗೆ ಪಟ್ಟಿ ಎತ್ತಿ, ಗುಡಿ ಮುಂದೆ ರಂಗಸಜ್ಜಿಕೆ ಹಾಕಿ, ಊರಿಗೆಲ್ಲ ಪುಕ್ಕಟೆ ತೋರಿಸುವ ನಾಟಕ ಇದರೊಳಗೆ ಬರುತ್ತದೆ.

ಎಲ್ಲಿ ತೊಡಕು? ಟಿಕೆಟ್ ಇಟ್ಟು ಗಳಿಸುವ ಕಂಪನಿ ನಾಟಕಕ್ಕೆ ಈ ವಿನಾಯಿತಿ ಇಲ್ಲ. ಪಾತ್ರಧಾರಿಗಳಲ್ಲಿ ಅರ್ಧಕ್ಕರ್ಧ ಜನ ಸಂಭಾವನೆಗೆ ಬಂದ ವೃತ್ತಿ ಕಲಾವಿದರಾದರೆ "ಹವ್ಯಾಸಿ" ಎಂಬ ಮಾತು ಎಷ್ಟು ನಿಲ್ಲುತ್ತದೆ ಎಂದು ಎದುರು ಪಕ್ಷದವರು ವಾದ ಮಾಡಬಹುದು. ಎಲ್ಲಕ್ಕಿಂತ ದೊಡ್ಡ ತೊಡಕು ಮೊಬೈಲ್. ವಿನಾಯಿತಿ ಇರುವುದು ಆಡುವುದಕ್ಕೆ. ಇಡೀ ನಾಟಕವನ್ನು ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುವುದಕ್ಕೆ ಅಲ್ಲ. ಅದಕ್ಕೆ ನಾಟಕ ಬರೆದವರ ಒಪ್ಪಿಗೆ ಬೇಕು, ಪಾತ್ರ ಮಾಡಿದವರ ಒಪ್ಪಿಗೆಯೂ ಬೇಕು. ಸ್ತ್ರೀಪಾತ್ರಕ್ಕೆ ಬೇರೆ ಊರಿಂದ ಬಂದ ಕಲಾವಿದೆ ಒಂದು ರಾತ್ರಿಯ ಆಟಕ್ಕೆ ಸಂಭಾವನೆ ಪಡೆದಿದ್ದಾರೆ. ವರ್ಷಗಟ್ಟಲೆ ಓಡುವ ವಿಡಿಯೊಗೆ ಅಲ್ಲ. ಅವರ ನೃತ್ಯದ ತುಣುಕನ್ನು ಮಾತ್ರ ಕತ್ತರಿಸಿ, ಕೆಟ್ಟ ತಲೆಬರಹ ಹಾಕಿ ಬಿಡುವವರ ಕೆಲಸ ಹಕ್ಕಿನ ಉಲ್ಲಂಘನೆ ಅಷ್ಟೇ ಅಲ್ಲ, ನೀಚತನ. ತಮ್ಮ ಹೆಸರಿಗೆ ಕುಂದು ಬರುವಂತೆ ಪ್ರದರ್ಶನವನ್ನು ಕತ್ತರಿಸಿದರೆ ಅದನ್ನು ತಡೆಯುವ ಹಕ್ಕು ಕಲಾವಿದರಿಗೆ ಕಾಯ್ದೆಯಲ್ಲೇ ಇದೆ.

ನಾಟಕದ ಮಾಸ್ತರರಿಗೆ ಏನು ಹಕ್ಕು ಎಂದೂ ಕೇಳುತ್ತಾರೆ. ತಾಲೀಮು ಕೊಟ್ಟದ್ದಕ್ಕೆ, ರಂಗದ ಮೇಲೆ ನಿಲ್ಲಿಸಿದ್ದಕ್ಕೆ ಪ್ರತ್ಯೇಕ ಕಾಪಿರೈಟ್ ಎಂದು ಕಾಯ್ದೆ ಹೇಳುವುದಿಲ್ಲ. ಅವರು ಸೇರಿಸಿದ ಹೊಸ ರಂಗಗೀತೆ, ಹಾಕಿದ ಹೊಸ ಮಟ್ಟು ಅವರದು.

ತೆಲುಗು ನಾಟಕವನ್ನು ಕನ್ನಡಕ್ಕೆ ತಂದಿದ್ದೇವೆ. ಇದು ಹೊಸ ಕೃತಿ ಅಲ್ವಾ?

ಬಳ್ಳಾರಿ ರಂಗಭೂಮಿಗೆ ತೆಲುಗು ಪಕ್ಕದ ಮನೆ ಇದ್ದಂತೆ ಅಲ್ಲ, ಒಳಮನೆಯೇ. ಬಳ್ಳಾರಿ ರಾಘವರು ಎರಡೂ ಭಾಷೆಯಲ್ಲಿ ಪಾತ್ರ ಮಾಡಿದವರು. ಅನುವಾದಕ್ಕೆ ಅದರದೇ ಹಕ್ಕು ಇದೆ, ಅದು ಅನುವಾದಕರದು. ಆದರೆ ಅನುವಾದ ಮಾಡುವ ಹಕ್ಕು ಮೂಲ ಲೇಖಕರ ಬಳಿ ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ನಿಮ್ಮ ಅನುವಾದವನ್ನು ಆಡಲು, ಅಚ್ಚು ಹಾಕಲು ಬರುವುದಿಲ್ಲ. ಒಪ್ಪಿಗೆ ಸಿಕ್ಕ ಮೇಲೂ ನಿಮ್ಮ ಕನ್ನಡ ರೂಪವನ್ನು ಮೂರನೆಯವರು ಆಡಬೇಕೆಂದರೆ ಇಬ್ಬರನ್ನೂ ಕೇಳಬೇಕು.

ಚಾನೆಲ್ ಪಾಸ್‌ವರ್ಡ್ ಒಬ್ಬನ ಹತ್ತಿರ ಇದೆ. ಅವನೇ ಮಾಲೀಕನಾ?

ಕಾನೂನಿನ ಕಣ್ಣಲ್ಲಿ ಅಲ್ಲ. ವ್ಯವಹಾರದಲ್ಲಿ ಹೌದು. ಚಾನೆಲ್ ಅನ್ನುವುದು ಒಂದು ಖಾತೆ, ಹಾಡು ಅನ್ನುವುದು ಕೃತಿ. ಖಾತೆ ಯಾರ ಜಿಮೇಲ್‌ನಲ್ಲಿದೆಯೋ, ಗಳಿಕೆ ಯಾರ ಬ್ಯಾಂಕಿಗೆ ಹೋಗುತ್ತದೆಯೋ, ಯೂಟ್ಯೂಬ್ ಅವರನ್ನೇ ಮಾತಾಡಿಸುತ್ತದೆ. ಉಳಿದವರು ತಮ್ಮ ಪಾಲಿನ ಕೃತಿ ತಮ್ಮದೆಂದು ಹೇಳಿ ವಿಡಿಯೊ ತೆಗೆಸಬಹುದು. ಹಾಗೆ ಮಾಡಿದರೆ ಯಾರಿಗೂ ಗಳಿಕೆ ಇಲ್ಲ.

ಹೊಸ ಚಾನೆಲ್ ತೆರೆಯುವಾಗಲೇ ಇಬ್ಬರಿಗಾದರೂ ಮಾಲೀಕರ ಮಟ್ಟದ ಪ್ರವೇಶ ಕೊಡಿ. ಗಳಿಕೆ ಯಾರ ಖಾತೆಗೆ ಬಂದು, ಎಷ್ಟು ದಿನದೊಳಗೆ ಹೇಗೆ ಹಂಚಿಕೆ ಎಂದು ಬರೆದಿಡಿ. ಮೂಲ ಆಡಿಯೊ ಫೈಲ್, ಎಡಿಟ್ ಮಾಡದ ವಿಡಿಯೊ ಒಂದೇ ಕಡೆ ಬಿಡಬೇಡಿ.

ತಂಡದಿಂದ ಒಬ್ಬ ಹೊರಗೆ ಹೋದ. ತಂಡದ ಹೆಸರು, ಹಾಡು ಬಳಸಬಹುದಾ?

ಅವನು ಬರೆದದ್ದು ಅವನ ಜೊತೆ ಹೋಗುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ಹೆಸರಿಗೆ ಕಾಪಿರೈಟ್ ಇಲ್ಲ, ಅದು ಟ್ರೇಡ್‌ಮಾರ್ಕ್‌ನ ವಿಷಯ. ನೋಂದಣಿ ಆಗದ "ಕಲಾ ಬಳಗ" ಕಾನೂನಿನಲ್ಲಿ ಒಬ್ಬ ವ್ಯಕ್ತಿಯ ಹಾಗೆ ಆಸ್ತಿ ಹಿಡಿಯಲು ಬರುವುದಿಲ್ಲ. ಹಕ್ಕು ತಂಡದ ಹೆಸರಲ್ಲೇ ಇರಬೇಕೆಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ, ಸದಸ್ಯರು ಸಂಘಕ್ಕೆ ಹಕ್ಕು ಬರೆದುಕೊಡಬೇಕು. ಮೂರು ಹಾಡು ಮಾಡುವ ತಂಡಕ್ಕೆ ಇಷ್ಟೆಲ್ಲ ಬೇಡ ಅನ್ನುವುದು ನನ್ನ ಅನಿಸಿಕೆ. ವರ್ಷವಿಡೀ ಆಟ ಆಡುವವರಿಗೆ ಬೇಕು.

ಒಪ್ಪಂದದಲ್ಲಿ ಏನೇನು ಇರಬೇಕು? ವಾಟ್ಸಾಪ್ ಮೆಸೇಜ್ ಸಾಕಾ?

ಹಕ್ಕನ್ನೇ ವರ್ಗಾಯಿಸುವುದಾದರೆ ಬರವಣಿಗೆ ಇರಬೇಕು, ಕೊಡುವವರ ಸಹಿ ಇರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಬಳಸಲು ಬರೀ ಅನುಮತಿ ಕೊಡುವುದಾದರೆ ಅದೂ ಬರವಣಿಗೆಯಲ್ಲೇ ಇರಬೇಕು, ಆದರೆ ಅಲ್ಲಿ ಸಹಿಯ ಷರತ್ತನ್ನು 2012ರಲ್ಲಿ ತೆಗೆದಿದ್ದಾರೆ. ಹಾಗಾಗಿ ಅನುಮತಿಗೆ ಮೆಸೇಜ್ ಒಂದು ಸಾಕ್ಷಿಯಾಗಬಹುದು. ಜಗಳ ಬಂದಾಗ ಮಾತ್ರ ಕಾಗದದಷ್ಟು ಗಟ್ಟಿ ಅಲ್ಲ.

ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಗಳಿಗೆ, ಎಷ್ಟು ಹಣ ಅಥವಾ ರಾಯಲ್ಟಿ ಎಂಬುದನ್ನು ಬರೆಯಿರಿ. ಬರೆಯದಿದ್ದರೆ ಕಾಯ್ದೆಯೇ ಖಾಲಿ ಜಾಗ ತುಂಬುತ್ತದೆ: ಅವಧಿ ಹೇಳದಿದ್ದರೆ 5 ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಹಳೆಯ ಕಾಗದದಲ್ಲಿ "ಎಲ್ಲಾ ಹಕ್ಕುಗಳನ್ನು ಕೊಟ್ಟಿರುತ್ತೇನೆ" ಎಂದು ಒಂದೇ ಸಾಲು ಇದ್ದರೆ ಗಾಬರಿ ಬೇಡ. ಅವಧಿ ಬರೆದಿಲ್ಲವೇ ನೋಡಿ. ಎಷ್ಟೋ ಸಲ ಹಕ್ಕು ಆಗಲೇ ನಿಮ್ಮ ಕೈಗೆ ವಾಪಸ್ ಬಂದಿರುತ್ತದೆ.

ಭಾಷೆ ಕನ್ನಡವೇ ಇರಲಿ. ಇಂಗ್ಲಿಷ್ ಒಪ್ಪಂದ ಕೊಟ್ಟು "ಇದು ಫಾರ್ಮ್ಯಾಲಿಟಿ ಅಷ್ಟೆ" ಅಂದವರ ಹತ್ತಿರ ಒಂದು ಪ್ರತಿ ಮನೆಗೆ ತಂದು ಓದಿಸಿ, ಆಮೇಲೆ ಸಹಿ ಹಾಕಿ.

ನೋಂದಣಿ ಮಾಡಿಸಲೇಬೇಕಾ?

ಕಡ್ಡಾಯ ಅಲ್ಲ. ಕೃತಿ ಹುಟ್ಟಿದ ಕ್ಷಣವೇ ಹಕ್ಕು ಹುಟ್ಟುತ್ತದೆ. ಆದರೆ ನೋಂದಣಿ ಮೊದಲ ನೋಟದ ಸಾಕ್ಷಿ. ಕೇಂದ್ರದ ಕಾಪಿರೈಟ್ ಕಚೇರಿಯ ವೆಬ್‌ಸೈಟ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. 2013ರ ನಿಯಮಗಳ ಪ್ರಕಾರ ಸಾಹಿತ್ಯ, ನಾಟಕ, ಸಂಗೀತಕ್ಕೆ ಒಂದೊಂದಕ್ಕೆ 500 ರೂಪಾಯಿ, ಧ್ವನಿಮುದ್ರಿಕೆಗೆ 2000, ಸಿನಿಮಾಕ್ಕೆ 5000. ಆಕ್ಷೇಪಣೆ ಬರಲಿ ಎಂದು 30 ದಿನ ಕಾಯುತ್ತಾರೆ. ಕೃತಿಯಲ್ಲಿ ಬೇರೆಯವರ ಪಾಲಿದ್ದರೆ ಅವರ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಜಗಳ ಆದ ಮೇಲೆ ಆ ಪತ್ರ ಸಿಗೋದು ಕಷ್ಟ, ಖುಷಿಯಲ್ಲಿರುವಾಗಲೇ ತೆಗೆದುಕೊಳ್ಳಿ.

ತನಗೆ ತಾನೇ ರಿಜಿಸ್ಟರ್ ಪೋಸ್ಟ್ ಮಾಡಿಕೊಂಡು ಲಕೋಟೆ ಒಡೆಯದೆ ಇಟ್ಟವರನ್ನು ನೋಡಿದ್ದೇನೆ. ಅದರಿಂದ ಹೊಸ ಹಕ್ಕೇನೂ ಹುಟ್ಟುವುದಿಲ್ಲ.

ಹಕ್ಕು ಎಷ್ಟು ವರ್ಷ?

ಸಾಹಿತ್ಯ, ನಾಟಕ, ಸಂಗೀತ, ಚಿತ್ರ, ಫೋಟೊ: ಕರ್ತೃ ಬದುಕಿರುವಷ್ಟು ಕಾಲ, ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಜಂಟಿ ಕೃತಿಯಾದರೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ. ಧ್ವನಿಮುದ್ರಿಕೆ, ಸಿನಿಮಾಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60.

ಎಐ ಹತ್ತಿರ ರಾಗ ಮಾಡಿಸಿದೆವು. ಅದೂ ಪಾಲುದಾರನಾ?

ಯಂತ್ರಕ್ಕೆ ಪಾಲು ಕೊಡುವ ಅಂಶ ನಮ್ಮ ಕಾಯ್ದೆಯಲ್ಲಿ ಇಲ್ಲ. ಕಂಪ್ಯೂಟರ್‌ನಿಂದ ಹುಟ್ಟಿದ ಕೃತಿಗೆ, ಅದನ್ನು ಮಾಡಿಸಿದ ವ್ಯಕ್ತಿ ಕರ್ತೃ ಎಂದು ಕಾಯ್ದೆ ಹೇಳುತ್ತದೆ. ಆದರೆ ಅದು ಈಗಿನ ಎಐ ಬರುವ ಮೊದಲು ಬರೆದ ಮಾತು. 2020ರಲ್ಲಿ ಒಂದು ಚಿತ್ರಕ್ಕೆ ಎಐ ಸಾಫ್ಟ್‌ವೇರನ್ನು ಸಹಕರ್ತೃ ಎಂದು ನೋಂದಣಿ ಮಾಡಿ, ಆಮೇಲೆ ಕಾಪಿರೈಟ್ ಕಚೇರಿಯೇ ಅದನ್ನು ಹಿಂದಕ್ಕೆ ಪಡೆಯುವ ನೋಟಿಸ್ ಕಳಿಸಿತು. ಆ ಸಾಫ್ಟ್‌ವೇರಿನ ಹೆಸರು ರಾಘವ್. ನಮ್ಮ ಬಳ್ಳಾರಿ ರಾಘವರಿಗೂ ಅದಕ್ಕೂ ಸಂಬಂಧ ಇಲ್ಲ ಬಿಡಿ. ತಂಡದಲ್ಲಿ ಯಾರಾದರೂ ಎಐ ಬಳಸಿದ್ದರೆ ಉಳಿದವರಿಗೆ ಮೊದಲೇ ಹೇಳಬೇಕು, ಆ ಆ್ಯಪ್‌ನ ಷರತ್ತುಗಳಲ್ಲಿ ವ್ಯಾಪಾರಕ್ಕೆ ಬಳಸಬಹುದೇ ಎಂದು ನೋಡಬೇಕು.

ನಮ್ಮ ಹಾಡನ್ನು ಕದ್ದಿದ್ದಾರೆ. ಬೆಂಗಳೂರಿಗೆ ಹೋಗಿ ಕೇಸ್ ಹಾಕಬೇಕಾ?

ಬೇಡ. ಹಕ್ಕುದಾರರು ತಾವು ವಾಸವಿರುವ ಅಥವಾ ವ್ಯವಹಾರ ಮಾಡುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು ಎಂದು 62ನೇ ಕಲಂ ಹೇಳುತ್ತದೆ. ಕದ್ದ ಕಂಪನಿ ಎಲ್ಲೇ ಇರಲಿ, ಅವರು ರಾಯಚೂರಿಗೆ ಬರಬೇಕು. ಬಡ ಕಲಾವಿದರಿಗೆ ಇದು ದೊಡ್ಡ ಅನುಕೂಲ, ಆದರೂ ಬಳಸುವವರು ಕಡಿಮೆ.

ಗೊತ್ತಿದ್ದೂ ಕದಿಯುವುದು ಅಪರಾಧವೂ ಹೌದು. 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಇದು ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಜೊತೆಯಲ್ಲೇ ಹಾಡು ಕಟ್ಟಿದ ಗೆಳೆಯನ ಮೇಲೆ ಎಫ್‌ಐಆರ್ ಹಾಕಲು ಓಡಬೇಡಿ. ಪಾಲಿನ ಜಗಳವನ್ನು ಪೊಲೀಸ್ ಠಾಣೆ ಬಗೆಹರಿಸುವುದಿಲ್ಲ. ಮೊದಲು ವಕೀಲರ ನೋಟಿಸ್, ಆಮೇಲೆ ಮಧ್ಯಸ್ಥಿಕೆ.

ವಕೀಲರ ಫೀಸು ಕೊಡಲು ಆಗದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ. ಹೋಗುವಾಗ ಹಾಡಿನ ಮೊದಲ ಕೈಬರಹ, ಸ್ಟುಡಿಯೊ ರಸೀದಿ, ಮೊದಲು ಕಳಿಸಿಕೊಂಡ ವಾಯ್ಸ್ ಮೆಸೇಜ್, ಅಪ್‌ಲೋಡ್ ಆದ ದಿನಾಂಕದ ಸ್ಕ್ರೀನ್‌ಶಾಟ್ ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ.